ಇನ್ನೂರ ಹದಿನೇಳನೆಯ ಬಿಲ್ಲೆ

ಗಿರಣಿಯ ಗೇಟು ಕಾಯುತ್ತಿದ್ದವನ ಮಗಳು ತಗಡಿನ ಡಬ್ಬಿಯನ್ನು ನನ್ನ ಮೇಜಿನ ಮೇಲೆ ಸುರಿದಾಗ ಅದರಲ್ಲಿ ನಮ್ಮಜ್ಜನ ಬಿಲ್ಲೆ ಇತ್ತು. ಇರಬಾರದಿತ್ತು. ಅಜ್ಜನ ಬಿಲ್ಲೆ ಆಗಲೇ ಎದುರಿನ ಹಲಗೆಯಲ್ಲಿ, ನಾನೇ ಹೊಡೆದ ಮೊಳೆಗೆ ತೂಗುತ್ತಿತ್ತು. ಅದೇ ಅಂಕಿ, ೨೧೭.

ಮುಚ್ಚಿಹೋದ ಗಿರಣಿಯ ನೆನಪಿಗೆಂದು ಗ್ರಂಥಾಲಯದಲ್ಲಿ ಒಂದು ಕೋಣೆ ಸಿದ್ಧವಾಗುತ್ತಿದೆ. ಮನೆಮನೆಯಿಂದ ಹಳೆಯ ಸಾಮಾನು ತರಿಸಿ ಚೀಟಿ ಬರೆಯುವುದು ನನ್ನ ಕೆಲಸ. ಗಿರಣಿಯಲ್ಲಿ ಒಳಗೆ ಹೋಗುವವನು ತನ್ನ ಅಂಕಿಯ ಹಿತ್ತಾಳೆ ಬಿಲ್ಲೆಯನ್ನು ಗೇಟಿನಲ್ಲಿ ಕೊಡಬೇಕಿತ್ತು. ಅದು ದಿನವಿಡೀ ಅಲ್ಲಿನ ಮೊಳೆಗೆ ತೂಗುತ್ತಿತ್ತು, ಹೊರಗೆ ಬರುವಾಗ ಕೈಗೆ ಸಿಗುತ್ತಿತ್ತು. ಮುಷ್ಕರದ ಮೂರನೇ ವಾರ ಗಿರಣಿಗೆ ಬೆಂಕಿ ಬಿತ್ತು. ಅವತ್ತು ಕದ್ದು ಕೆಲಸಕ್ಕೆ ಹೋಗಿದ್ದವರು ಗೇಟಿನಲ್ಲೇ ಬಿಲ್ಲೆ ಬಿಟ್ಟು ಓಡಿದರು. ಅವನ್ನು ಗೇಟಿನವನು ಒಂದು ಡಬ್ಬಿಗೆ ತುಂಬಿದನೆಂದು ಹೇಳುತ್ತಾರೆ. ಗಿರಣಿ ಮತ್ತೆ ತೆರೆಯಲಿಲ್ಲ. ಹಾಗಾಗಿ ನಮ್ಮೂರಲ್ಲಿ ಬಿಲ್ಲೆ ಇರುವ ಮನೆಯೆಂದರೆ ಮುಷ್ಕರದಲ್ಲಿ ಕೊಟ್ಟ ಮಾತಿಗೆ ನಿಂತವರ ಮನೆ. ದೊಡ್ಡಪ್ಪ ಅದೊಂದರ ಬಲದ ಮೇಲೆ ಐವತ್ತು ವರ್ಷ ಮೀಸೆ ತಿರುವಿದ್ದಾರೆ.

"ಇದು ನಿಮಗೆಲ್ಲಿ ಸಿಕ್ತು?" ಎಂದೆ.

"ಅಟ್ಟದ ಮೇಲೆ. ಯಾಕ್ರೀ ಹಂಗ್ ನೋಡ್ತೀರಾ, ನಾನೇನು ಮನೇಲಿ ಕೂತು ಬಿಲ್ಲೆ ಮಾಡ್ತೀನಾ?"

ಅವಳನ್ನು ಅನುಮಾನಿಸಿದ್ದೆ, ನಿಜ. ಅವಳು ಹೋದ ಮೇಲೆ ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದೆ. ಡಬ್ಬಿಯದರ ತೂತು ದಿನಾ ಗೇಟಿನ ಮೊಳೆಗೆ ತೂಗಿ ಸವೆದು ಮೇಲಕ್ಕೆ ಉದ್ದವಾಗಿತ್ತು. ನಮ್ಮದರ ತೂತು ಸವೆಯದೆ ದುಂಡಗಿತ್ತು.

ದೊಡ್ಡಪ್ಪನಿಗೆ ಫೋನ್ ಮಾಡಿ ಗೇಟಿನವನ ಡಬ್ಬಿ ಬಂದಿದೆ ಎಂದಷ್ಟೇ ಹೇಳಿದೆ.

"ಅದು ಸುಟ್ಟೋಯ್ತು ಅಂದಿದ್ರಲ್ಲ!"

"ಯಾರು ಅಂದಿದ್ದು ದೊಡ್ಡಪ್ಪ?"

"ಯಾರೋ. ನಿಮ್ಮಜ್ಜನದು ಅದರಲ್ಲಿರಲ್ಲ, ಬಿಡು."

"ನಾನು ಅಜ್ಜನ ಸುದ್ದಿನೇ ಎತ್ತಲಿಲ್ವಲ್ಲ."

ಫೋನ್ ಇಟ್ಟರು. ಅರ್ಧ ಗಂಟೆಯಲ್ಲಿ ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದು. ಬಂದವರು ಕೂರಲಿಲ್ಲ. ಮೇಜಿನ ಮೇಲೆ ಜೋಡಿ ಮಲಗಿದ್ದ ಬಿಲ್ಲೆಗಳನ್ನು ನೋಡಿ ಅಂಗೈ ಚಾಚಿದರು.

"ಡಬ್ಬೀದು ಈ ಕಡೆ ಕೊಡಮ್ಮ."

ಕೊಡಲಿಲ್ಲ.

"ಓದ್ಸಿದ್ದು ಸಾರ್ಥಕ ಆಯ್ತು ಕಣೇ. ಮನೆ ಮಾನ ಮೊಳೆಗೆ ತೂಗಾಕಕ್ಕೆ ಕಲಿತ್ಯಲ್ಲ." ಬಾಗಿಲವರೆಗೆ ಹೋಗಿ ತಿರುಗಿದರು. ದನಿ ಇಳಿದಿತ್ತು. "ನಮ್ದೊಂದೇ ಅಂದ್ಕೊಂಡ್ಯಾ?"

ಅವರು ಹೋದ ಮೇಲೆ ಹಲಗೆಯಿಂದ ಉಳಿದ ಮೂವತ್ತೊಂದು ಬಿಲ್ಲೆಗಳನ್ನೂ ಇಳಿಸಿದೆ. ಒಂದೊಂದನ್ನೇ ಕಿಟಕಿಗೆ ಹಿಡಿದೆ. ಒಂಬತ್ತರ ತೂತು ದುಂಡಗಿತ್ತು. ಅವುಗಳಲ್ಲೊಂದು, ಮುಷ್ಕರದ ಕಥೆಯನ್ನು ನನಗೆ ಬಾಯಿಪಾಠ ಮಾಡಿಸಿದ್ದ ಮೇಷ್ಟರ ಮನೆಯದು.

ಬೇರೆ ಯಾರ ವಿಷಯವನ್ನೂ ಬರೆಯಲಿಲ್ಲ. ಬಿಲ್ಲೆಗಳನ್ನೆಲ್ಲ ಮತ್ತೆ ತೂಗುಹಾಕಿದೆ. ನಮ್ಮ ಎರಡನ್ನು ಒಂದೇ ಮೊಳೆಗೆ ಹಾಕಿ ಕೆಳಗೆ ಚೀಟಿ ಅಂಟಿಸಿದೆ: '೨೧೭. ಒಂದು ಗೇಟಿನ ಡಬ್ಬಿಯಲ್ಲಿ ಸಿಕ್ಕಿದ್ದು, ಒಂದು ನಮ್ಮ ಮನೆಯದು.'

ಭಾನುವಾರ ಬೆಳಿಗ್ಗೆ ಕೋಣೆ ತೆರೆಯಿತು. ಎಳೆಯರು ಅಂಕಿ ಓದಿಕೊಂಡು ಮುಂದೆ ಹೋದರು. ವಯಸ್ಸಾದವರು ಆ ಚೀಟಿಯ ಮುಂದೆ ನಿಂತು ಎರಡರ ತೂತನ್ನೂ ನೋಡಿದರು, ಆಮೇಲೆ ಉಳಿದ ಬಿಲ್ಲೆಗಳ ತೂತಿಗೆ ಬೆರಳಾಡಿಸಿದರು. ಕೊನೆಗೆ ಒಬ್ಬರ ಮುಖ ಒಬ್ಬರು ನೋಡತೊಡಗಿದರು.