ಓದಿ ಹೇಳಿದೆ, ಸರಿಯಿದೆ

ಬೆಂಕಿ ಹೊತ್ತಿದ್ದು ಮಧ್ಯಾಹ್ನ ಮೂರು ಗಂಟೆಗೆ. ನನಗೆ ಮೊದಲು ಸರಿಕಾಣದೆ ಹೋದದ್ದು ಅದೇ. ವಿಮೆಯ ಆಸೆಗೆ ತನ್ನದನ್ನು ತಾನೇ ಸುಡುವವನು ಕತ್ತಲಾಗಲೆಂದು ಕಾಯುತ್ತಾನೆ. ಹಗಲಿನ ಬೆಂಕಿ ಸಾಮಾನ್ಯವಾಗಿ ಒಲೆಯದ್ದು, ಇಲ್ಲವೆ ಬೀಡಿಯದ್ದು. ಆದರೆ ಕಡಲ ದಡದಲ್ಲಿ ಒಂಟಿಯಾಗಿ ನಿಂತ ಆ ದೋಣಿಕೊಟ್ಟಿಗೆಯಲ್ಲಿ ಒಲೆ ಇರಲಿಲ್ಲ. ತೆಂಗಿನ ಮಡಲು ಹೊದಿಸಿದ ಅದರ ಮಾಡು ಎರಡು ತಿಂಗಳ ಮಳೆಗೆ ನೆನೆದು ಕೂತಿತ್ತು. ಬೀಡಿಗೆ ಹತ್ತುವಂಥದ್ದಲ್ಲ.

ಅದು ೧೯೬೯ರ ಆಷಾಢ. ನಾನು ಕುಂದಾಪುರದ ಒಂದು ವಿಮಾ ಕಚೇರಿಯಲ್ಲಿ ಬೆಂಕಿ ನಷ್ಟದ ತನಿಖೆ ಮಾಡುತ್ತಿದ್ದೆ. ನಮ್ಮ ಮ್ಯಾನೇಜರ್ ಭೋಜರಾಜರು ಕಡತವನ್ನು ನನ್ನತ್ತ ತಳ್ಳಿ, "ತಮ್ಮನೇ ಸುಟ್ಟಿದ್ದಾನೆ. ಹೋಗಿ ಬರೆದುಕೊಂಡು ಬನ್ನಿ" ಎಂದಿದ್ದರು.

ಕಡತದಲ್ಲಿದ್ದದ್ದು ಇಷ್ಟು. ಸೋಮ, ದೇವು ಅಣ್ಣತಮ್ಮಂದಿರು, ಒಂದೇ ದೋಣಿ. ವಿಮೆ ದೇವುವಿನ ಹೆಸರಿನಲ್ಲಿ. ವೈಶಾಖದಲ್ಲಿ ದೇವುವಿಗೆ ಜ್ವರ ಬಂದ ಒಂದು ದಿನ ಸೋಮ ಒಬ್ಬನೇ ಕಡಲಿಗೆ ಹೋದ. ಮೂರನೆಯ ದಿನ ದೋಣಿ ತಾನಾಗಿ ದಡಕ್ಕೆ ಬಂತು. ಬಲೆ ಮಡಚಿಟ್ಟ ಹಾಗೇ ಇತ್ತು. ಸೋಮ ಇರಲಿಲ್ಲ. ಮಳೆಗಾಲಕ್ಕೆ ಕೊಟ್ಟಿಗೆಯೊಳಗೆ ಎಳೆದಿಟ್ಟಿದ್ದ ಆ ದೋಣಿಯೇ ಈಗ ಸುಟ್ಟುಹೋಗಿತ್ತು.

ಬಿಜೂರಿನಲ್ಲಿ ಬಸ್ಸಿಳಿದು ಚಂದಯ್ಯನ ಚಹಾದಂಗಡಿಯಲ್ಲಿ ದಾರಿ ಕೇಳಿದೆ.

"ಹ್ವಾಯ್, ವಿಮೆಯವ್ರಾ? ಕೂಕಣಿ, ಕೂಕಣಿ" ಎಂದ. "ಮರಕ್ಕೆ ವಿಮೆ ಮಾಡ್ಸಿರ್, ಜೀವಕ್ಕೆ ಮಾಡ್ಸ್ಲಿಲ್ಲ. ಈಗ ಮರವೂ ಹೋಯ್ತ್."

"ಸುಟ್ಟದ್ದು ಯಾರಂತೆ?"

"ದೇವು ಅಂಬ್ರ್. ನಾ ಹೇಳುದಲ್ಲ, ಜನ ಹೇಳುದ್." ಗ್ಲಾಸನ್ನು ನನ್ನ ಮುಂದಿಟ್ಟ. "ಈ ಚಾಯಕ್ಕೆ ಸಕ್ರಿ ಹಾಕಿದ್ದ್ ಮಾತ್ರ ನಾನೇ."

ದೇವು ಕೊಟ್ಟಿಗೆಯ ಹತ್ತಿರ ಕಾಯುತ್ತಿದ್ದ. ಇಪ್ಪತ್ತೈದು ದಾಟಿರಲಾರದು. ನಾನು ಬೂದಿ ಕೆದಕುವುದನ್ನು ಸ್ವಲ್ಪ ಹೊತ್ತು ನೋಡಿದ.

"ಎಂತ ಹುಡ್ಕ್ತ್ರಿ? ಬೂದಿ ಅಲ್ದಾ ಅದ್?"

ನಾನು ಕೆದಕುತ್ತಲೇ ಇದ್ದೆ.

"ಆ ದಿನ ನಾನೂ ಅಮ್ಮನೂ ಬೈಂದೂರಿಗೆ ಹೋಯಿದ್ದಿತ್. ಕೇಣಿ, ನಾ ಸುಡುದಾರೆ ರಾತ್ರಿ ಸುಡ್ತಿದ್ದೆ. ಅಷ್ಟ್ ಬುದ್ಧಿ ನಂಗೂ ಇತ್ತ್."

ಅವನ ಮಾತು ಸರಿಯಾಗಿತ್ತು. ದೋಣಿ ದಕ್ಷಿಣಕ್ಕೆ ಮುಖ ಮಾಡಿ ಮಲಗಿತ್ತು. ಮರ ಎಲ್ಲಕ್ಕಿಂತ ಆಳಕ್ಕೆ ಕರಕಲಾಗಿದ್ದದ್ದು ಆ ಮುಂಭಾಗದಲ್ಲೇ. ಅಲ್ಲಿನ ಮರಳನ್ನು ಮೂಸಿದರೆ ಸೀಮೆಎಣ್ಣೆಯ ಸಣ್ಣ ವಾಸನೆ. ಬೂದಿಯಲ್ಲಿ ನಾಲ್ಕು ಹಿತ್ತಾಳೆ ಗುಂಡಿಗಳು ಸಿಕ್ಕವು. ಹೆಚ್ಚು ಕಡಿಮೆ ಒಂದೇ ಸಾಲಿನಲ್ಲಿದ್ದವು. ಯಾರೋ ಒಂದು ಅಂಗಿಯನ್ನು ಅಲ್ಲಿ ಉದ್ದಕ್ಕೆ ಮಲಗಿಸಿದ ಹಾಗೆ.

ಕೊಟ್ಟಿಗೆಯ ಹೊರಗೆ ಎಂಟು ಹತ್ತು ಹೆಜ್ಜೆ ದೂರದಲ್ಲಿ ಮಡಕೆಯ ಚೂರುಗಳಿದ್ದವು. ಹೊಸ ಮಡಕೆ. ಮಸಿ ಹಿಡಿದಿರಲಿಲ್ಲ. ದೊಡ್ಡ ಚೂರನ್ನು ಎತ್ತಿ ಮರಳು ಕೊಡವಿದೆ. ಕಂಠದ ಕೆಳಗೆ ಮೂರು ತೂತು. ಒಡೆದಾಗ ಆದವಲ್ಲ, ಕತ್ತಿಯ ಮೊನೆಯಿಂದ ಹೊಡೆದವು.

ನಾನು ಆ ಚೂರು ಹಿಡಿದು ತುಂಬ ಹೊತ್ತು ನಿಂತೆ. ಹದಿಮೂರು ವರ್ಷದವನಿದ್ದಾಗ ಬಸ್ರೂರಿನಲ್ಲಿ ಅಪ್ಪನ ಚಿತೆಗೆ ಸುತ್ತು ಬಂದವನು ನಾನು. ಹೆಗಲ ಮೇಲೆ ನೀರಿನ ಮಡಕೆ. ಒಂದೊಂದು ಸುತ್ತಿಗೂ ಹಿಂದಿನಿಂದ ಯಾರೋ ಕತ್ತಿಯ ಮೊನೆಯಿಂದ ಒಂದೊಂದು ತೂತು ಮಾಡುತ್ತಿದ್ದರು. ತಣ್ಣನೆಯ ನೀರು ಬೆನ್ನ ಮೇಲೆ ಹರಿಯುತ್ತಿತ್ತು. ಕೊನೆಗೆ ಮಡಕೆಯನ್ನು ಬೆನ್ನ ಹಿಂದಕ್ಕೆ ಬಿಡು, ತಿರುಗಿ ನೋಡಬೇಡ ಎಂದರು. ನಾನು ನೋಡಲಿಲ್ಲ.

ಇದು ಕಳ್ಳ ಬೆಂಕಿಯಲ್ಲ. ಹೊತ್ತು ಮುಳುಗುವ ಮೊದಲು ಯಾರೋ ಇಲ್ಲಿ ಸಂಸ್ಕಾರ ಮಾಡಿದ್ದರು.

"ಎಂತ ಅದ್?" ಎಂದ ದೇವು.

"ಮನೆಗೆ ಹೋಗೋಣ" ಎಂದೆ.

ಮನೆಯ ಬಾಗಿಲು ಮುಚ್ಚದ ಹಾಗೆ ಒಂದು ಕೆಂಪು ಕಲ್ಲು ಒತ್ತಿಟ್ಟಿದ್ದರು. ಒಳಗೆಲ್ಲ ಮರಳು ಹಾರಿ ಬಿದ್ದು ಹೊಸ್ತಿಲೇ ಅರ್ಧ ಮುಳುಗಿತ್ತು. ತಾಯಿ ವನಜ ಜಗಲಿಯಲ್ಲಿ ಕಡಲಿಗೆ ಮುಖ ಮಾಡಿ ಕೂತಿದ್ದಳು.

"ಬಾಗ್ಲಿಗ್ ಅಡ್ಡ ನಿಲ್ಬೇಡಿ" ಎಂದಳು ನನಗೆ. "ನನ್ನ ಮಗ ಬಪ್ಪು ದಾರಿ ಅದ್."

ಸೋಮನ ಹೆಂಡತಿ ಪದ್ದು ಹಿತ್ತಿಲ ಬಾವಿಯ ಹತ್ತಿರ ನೀರು ಸೇದುತ್ತಿದ್ದಳು. ಹಣೆಯಲ್ಲಿ ಕುಂಕುಮ, ಕೈತುಂಬ ಬಳೆ. ಆ ದಿನ ಮನೆಯಲ್ಲಿ ಉಳಿದವಳು ಅವಳೊಬ್ಬಳೇ. ನಾನು ಆ ಚೂರನ್ನು ಬಾವಿಕಟ್ಟೆಯ ಮೇಲಿಟ್ಟೆ. ಅವಳು ಹಗ್ಗ ಬಿಡದೆ ಅದನ್ನೇ ನೋಡಿದಳು.

"ಎಲ್ಲಿತ್ತ್?"

"ಕೊಟ್ಟಿಗೆಯ ಹೊರಗೆ."

"ಎಲ್ಲ್ ಬಿತ್ತ್ ಅಂದೇಳಿ ನಂಗ್ ಗೊತ್ತಿಲ್ಲ. ತಿರ್ಗಿ ಕಾಣ್ಲಿಲ್ಲ ನಾನ್."

ಕೊಡ ತುಂಬಿಸಿ ಕಟ್ಟೆಯ ಮೇಲಿಟ್ಟಳು. ಆಮೇಲೆ ಅವಳೇ ಹೇಳಿದಳು, ಸಣ್ಣ ದನಿಯಲ್ಲಿ.

"ಅತ್ತೆ ಬಾಗ್ಲ್ ಹಾಕುಕ್ ಬಿಡುದಿಲ್ಲ. ನಮ್ಮನಿಯವ್ರ್ ದಿನಾ ಬತ್ರ್. ಹೊಸ್ತಿಲ್ ಹತ್ರ ನಿಂತ್ಕಂತ್ರ್. ಒಳ್ಗ್ ಬಪ್ಪುಕೂ ಆತಿಲ್ಲ, ಹೋಪುಕೂ ಆತಿಲ್ಲ. ಬೆಳಿಗ್ಗೆ ಕಂಡ್ರೆ ಅಲ್ಲಿ ಮರಳ್ ಒದ್ದೆ ಇರ್ತ್. ಎಷ್ಟ್ ದಿನ ಅಂದ್ ಕಾಂಬುದ್? ಹೆಣ ಇಲ್ಲ, ಕಿಚ್ಚ್ ಕೊಡುದ್ ಯಾರಿಗೆ? ಅವ್ರ ಅಂಗಿ ಇದ್ದಿತ್ತ್, ದೋಣಿ ಇದ್ದಿತ್ತ್."

ನಾನು ನಿಯಮ ಹೇಳಿದೆ. ಮನೆಯವರೇ ಸುಟ್ಟದ್ದೆಂದು ಬರೆದರೆ ವಿಮೆ ಸಿಗುವುದಿಲ್ಲ, ದೇವುವಿಗೆ ಬೇರೆ ದೋಣಿ ಆಗುವುದಿಲ್ಲ. ಕಾರಣ ತಿಳಿಯಲಿಲ್ಲ ಎಂದು ಬರೆದರೆ ಹೇಗೋ ಸ್ವಲ್ಪವಾದರೂ ಬರಬಹುದು. ಆ ಚೂರನ್ನು ಬಾವಿಗೆ ಹಾಕಿದರೆ ಮುಗಿಯಿತು. ಈ ಮಾತು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು.

"ಹಾಂಗಾರೆ ದೇವೂನ ಮೇಲಿಪ್ಪು ಮಾತ್?"

"ಅದು ಹಾಗೇ ಉಳಿಯುತ್ತದೆ" ಎಂದೆ.

"ಸತ್ತ್ ಹೋದದ್ದ್ ಬರ್ಸುಕ್ ಹೋದ್ರೆ, ಹೆಣ ಎಲ್ಲಿ ಕೇಂತ್ರ್. ಅವ್ರ್ ಸತ್ತದ್ದ್ ಎಲ್ಲೂ ಬರಿಲಿಲ್ಲ ಯಾರೂ. ನಿಮ್ಮ ಕಾಗ್ದದಂಗಾರೂ ಬರಿನಿ" ಎಂದಳು. "ಬರಿಯದಿದ್ರೆ ಅವ್ರ್ ಹೋಪುದಿಲ್ಲ."

ಹೇಳಿಕೆ ಬರೆದುಕೊಂಡರೆ ಅದನ್ನು ಸಾಕ್ಷಿಯ ಎದುರು ಗಟ್ಟಿಯಾಗಿ ಓದಿ ಹೇಳಬೇಕು. ಅಡಿಯಲ್ಲಿ ‘ಓದಿ ಹೇಳಿದೆ, ಸರಿಯಿದೆ’ ಎಂದು ಬರೆದು ಸಹಿ ಹಾಕಿಸಬೇಕು. ಆ ಮನೆಯಲ್ಲಿ ಕೂತು ಬರೆಯಲು ಜಗಲಿ ಒಂದೇ ಜಾಗ. ಅಲ್ಲಿ ವನಜ ಇದ್ದಳು.

ಪದ್ದು ತಾನಾಗಿ ಬಂದು ಕಂಬಕ್ಕೆ ಒರಗಿ ನಿಂತಳು. ನಾನು ಅವಳ ಹೆಸರು ಬರೆದೆ, ಅದರ ಮುಂದೆ ‘ಕೋಂ’ ಎಂದು ಬರೆದೆ. ಇಂಥವನ ಹೆಂಡತಿ ಎಂದು ತೋರಿಸಲು ಕಾಗದಪತ್ರಗಳಲ್ಲಿ ಬರೆಯುವ ಅಕ್ಷರ ಅದು. ಅಲ್ಲಿಗೆ ಪೆನ್ನು ನಿಂತಿತು. ಪದ್ದುವನ್ನು ನೋಡಿದೆ. ಅವಳು ತಲೆಯಾಡಿಸಿದಳು. ಬರೆದು ಮುಗಿಸಿ ಓದಿದೆ.

"ಪದ್ದು ಕೋಂ ದಿವಂಗತ ಸೋಮ..."

ನನ್ನ ದನಿ ನನಗೇ ಬೇರೆ ಯಾರದೋ ಎನಿಸಿತು. ಅಂಗಿ, ಸೀಮೆಎಣ್ಣೆ, ಮಡಕೆ, ಮೂರು ಸುತ್ತು, ಎಲ್ಲವನ್ನೂ ಓದಿದೆ. ದೇವು ನಡುವೆ ಒಮ್ಮೆ "ಅತ್ಗಿ..." ಎಂದ. ವನಜ ಕಡಲಿನಿಂದ ಕಣ್ಣು ತೆಗೆಯಲಿಲ್ಲ. ಓದುವುದು ಮುಗಿದ ಮೇಲೂ ಹಾಗೇ ಕೂತಿದ್ದಳು. ಅವಳಿಗೆ ಕೇಳಿಸಲೇ ಇಲ್ಲವೇನೋ ಎಂದುಕೊಂಡೆ.

"ಯಾವ ಬದಿಂದ ಕಿಚ್ಚ್ ಕೊಟ್ಟೆ, ಹೆಣ್ಣೇ?"

"ತಲಿ ಬದಿಂದ, ಅತ್ತೆ."

"ಹೊತ್ತ್ ಮುಳ್ಗುಕ್ ಮುಂಚೆ ಅಲ್ದಾ?"

"ಹೌದ್."

ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ನಾ ಬೈಂದೂರಂಗಿದ್ದೆ" ಎಂದಳು. "ನನ್ನ ಮಗನಿಗ್ ಕಿಚ್ಚ್ ಕೊಡ್ವಾಗ ನಾ ಬೈಂದೂರಂಗೆ ಉಪ್ಪು, ಮೆಣಸ್ ತಕಂತಿದ್ದೆ."

ಸಾಕ್ಷಿಯ ಜಾಗದಲ್ಲಿ ದೇವು ಸಹಿ ಹಾಕಬೇಕಿತ್ತು. "ಇದಕ್ಕೆ ಸಹಿ ಹಾಕಿದರೆ ದುಡ್ಡು ಬರುವುದಿಲ್ಲ" ಎಂದು ಅವನಿಗೂ ಹೇಳಿದೆ. ಅವನು ಪೆನ್ನು ತೆಗೆದುಕೊಂಡು ಅತ್ತಿಗೆಯನ್ನು ನೋಡಿದ.

"ಒಂದ್ ಮಾತ್ ಹೇಳಿದ್ರೆ ಮಡ್ಕಿ ನಾ ಹೊರ್ತಿದ್ದೆ ಅಲ್ದಾ, ಅತ್ಗಿ? ನಾನ್ ಇರ್ವಾಗ ನೀವ್ ಯಾಕ್ ಹೊತ್ರಿ?"

ಪದ್ದು ಆಗ ಮೊದಲ ಸಲ ಅತ್ತಳು. ಅವನು ಸಹಿ ಹಾಕಿದ.

ನಾನು ಚೀಲ ತೆಗೆದುಕೊಂಡು ಅಂಗಳ ದಾಟಿ ನಿಂತೆ. ಹಿಂದಿನಿಂದ ಕಲ್ಲು ಎಳೆದ ಸದ್ದು ಕೇಳಿತು. ಆಮೇಲೆ ಬಹಳ ಹೊತ್ತು, ಹೊಸ್ತಿಲ ಮರಳನ್ನು ಕೈಯಿಂದ ಬಳಿದು ತೆಗೆಯುವ ಸದ್ದು. ಕೊನೆಗೆ ಬಾಗಿಲು ಮುಚ್ಚಿತು, ಅಗಳಿ ಬಿತ್ತು.

ಆ ದಾರಿಯುದ್ದಕ್ಕೂ ನಾನು ತಿರುಗಿ ನೋಡಲಿಲ್ಲ. ಮಳೆಯೂ ಬರಲಿಲ್ಲ. ಬಿಜೂರಿನಲ್ಲಿ ಬಸ್ಸು ಹತ್ತಿ ಸೀಟಿಗೆ ಒರಗಿದಾಗ ನನ್ನ ಬೆನ್ನು ತಣ್ಣಗೆ ಒದ್ದೆಯಾಗಿತ್ತು, ಮಡಕೆ ಹೊತ್ತ ಆ ದಿನದ ಹಾಗೆ.