ಗೋಡೆಯ ಕೆಳಗೆ ಹೋದ ಮೊಳಕೆ

ಕಡಲತೆಂಗಿನ ಬೀಜವನ್ನು ನೆಟ್ಟು ಇಪ್ಪತ್ತು ತಿಂಗಳು ಕಳೆದರೂ ನೆಲದ ಮೇಲೆ ಒಂದು ಹಸಿರು ಮೊನೆಯೂ ಕಾಣಿಸದಿದ್ದಾಗ, ದಿನವೂ ಬೆಳಿಗ್ಗೆ ಅದರ ಪಕ್ಕದಲ್ಲಿ ಕುಳಿತು ಚಹಾ ಕುಡಿಯುವ ಅಭ್ಯಾಸವನ್ನು ಲಿಯೋನ್ಸ್ ಬಿಟ್ಟುಬಿಟ್ಟನು. ಬಿಟ್ಟ ಮೇಲೆ ಚಹಾವನ್ನು ಎಲ್ಲಿ ಕುಳಿತು ಕುಡಿಯಬೇಕೆಂಬುದೇ ಅವನಿಗೆ ತಿಳಿಯದಾಯಿತು. ಕೆಲವು ದಿನ ಅಡುಗೆಮನೆಯ ಕಿಟಕಿಯ ಬಳಿ ನಿಂತು ಕುಡಿದನು. ಆಮೇಲೆ ಕುಡಿಯುವುದನ್ನೇ ನಿಲ್ಲಿಸಿದನು.

ಮೂವತ್ತೆರಡು ವರ್ಷ ಮೀನುಗಾರಿಕೆಯ ದೊಡ್ಡ ಹಡಗುಗಳಲ್ಲಿ ದುಡಿದು, ಐವತ್ತನಾಲ್ಕನೆಯ ವಯಸ್ಸಿನಲ್ಲಿ ಅವನು ಪ್ರಾಲೆನ್ ದ್ವೀಪಕ್ಕೆ ಮರಳಿದ್ದನು. ತಂದೆಯ ಜಾಗ ಎರಡು ಪಾಲಾಗಿತ್ತು. ಒಂದು ಪಾಲಿನಲ್ಲಿ ಅಣ್ಣ ರೆನೆಯ ಮನೆ. ಅಣ್ಣ ಸತ್ತಾಗ ಲಿಯೋನ್ಸ್ ಕಡಲಿನ ಮೇಲಿದ್ದನು. ಸುದ್ದಿ ಮುಟ್ಟುವ ಹೊತ್ತಿಗೆ ಗೋರಿಯ ಮೇಲೆ ಹುಲ್ಲು ಬೆಳೆದಿತ್ತು. ಆ ಮನೆಯಲ್ಲಿ ಈಗ ಅತ್ತಿಗೆ ಎಲ್ವಿನಾ ಒಬ್ಬಳೇ ಇದ್ದಳು. ಇನ್ನೊಂದು ಪಾಲಿನಲ್ಲಿ ಲಿಯೋನ್ಸ್ ಒಂದು ಚಿಕ್ಕ ಮನೆಯನ್ನು ಕಟ್ಟಿಕೊಂಡು, ಉಳಿದ ನೆಲದಲ್ಲೆಲ್ಲ ತಾಳೆಗಳನ್ನು ನೆಟ್ಟನು.

ಈ ದ್ವೀಪಗಳನ್ನು ಬಿಟ್ಟು ಬೇರೆಲ್ಲಿಯೂ ಹುಟ್ಟದ ತಾಳೆಗಳು ಅವು, ಆರು ಜಾತಿ. ಊರುಗೋಲಿನಂತಹ ಬೇರುಗಳ ಮೇಲೆ ನಿಂತ ಲತಾನ್ಯೆ, ಎಳೆತನದಲ್ಲಿ ಮೈಯೆಲ್ಲ ಮುಳ್ಳು ಹೊತ್ತ ಪಾಲ್ಮಿಸ್, ಹೀಗೆ ಐದು ಅವನ ತೋಟದಲ್ಲಿದ್ದವು. ವರ್ಷಕ್ಕೆ ಎರಡು ಮೂರು ಗರಿಗಳನ್ನು ಮಾತ್ರ ಬಿಚ್ಚುತ್ತಿದ್ದ ಅವುಗಳ ನಿಧಾನವೇ ಅವನಿಗೆ ಹಿಡಿಸಿತ್ತು. ಬದುಕೆಲ್ಲ ಕಾಲ ಕೆಳಗಿನ ನೆಲ ಅಲುಗಾಡುತ್ತಲೇ ಇದ್ದವನಿಗೆ, ಇದ್ದಲ್ಲಿಯೇ ಇರುವ ಜೀವವೊಂದು ಬೇಕಾಗಿತ್ತು. ಆರನೆಯದಾದ ಕಡಲತೆಂಗು ಮಾತ್ರ ಇರಲಿಲ್ಲ. ಸರ್ಕಾರದ ಅನುಮತಿಗಾಗಿ ಎರಡು ವರ್ಷ ಕಾದು, ಅರವತ್ತೊಂದನೆಯ ವಯಸ್ಸಿನಲ್ಲಿ ಅವನು ಅದರ ಬೀಜವನ್ನು ಪಡೆದನು.

ಅದನ್ನು ನೆಟ್ಟ ದಿನ ಜೊತೆಗಿದ್ದವನು ಓಗಿಸ್ತ್. ಕಾಡಿನ ಕಾವಲುಗಾರನಾಗಿ ನಿವೃತ್ತನಾದ ಈ ಗೆಳೆಯ ಭಾನುವಾರಗಳಂದು ಬರುವ ಏಕೈಕ ಅತಿಥಿಯಾಗಿದ್ದನು. ಹದಿನೈದು ಕಿಲೋ ತೂಗುವ, ಹೆಣ್ಣಿನ ಸೊಂಟದ ಆಕಾರದ ಬೀಜವನ್ನು ಇಬ್ಬರೂ ಹೊತ್ತು ತಂದಾಗ ಓಗಿಸ್ತ್ ನಗು ತಡೆಯಲಾರದೆ ಅಂದಿದ್ದನು:

"ಮದುವೆ ಆಗ್ದೆ ಮುದುಕನಾದೆ. ಕೊನೆಗೂ ಒಬ್ಳನ್ನ ಮನೆ ತುಂಬಿಸ್ಕೊಂಡೆ ಅಂದ್ರೆ, ಅವಳಿಗೆ ಸೊಂಟ ಬಿಟ್ಟು ಬೇರೇನೂ ಇಲ್ವಲ್ಲೋ!"

"ಮೆಲ್ಲಗೆ ಇಡು, ಮೆಲ್ಲಗೆ."

"ಅದೂ ಹೆಣ್ಣೋ ಗಂಡೋ, ಹೂ ಬಿಟ್ಟ ಮೇಲೇ ಗೊತ್ತಾಗೋದು. ಇಪ್ಪತ್ತೈದು ವರ್ಷ. ಆಗ ನಿನಗೆ ಎಂಬತ್ತಾರು. ಗೊತ್ತಾಗಿ ಏನು ಮಾಡ್ತೀಯ?"

"ನಾನೇನೂ ಮಾಡಲ್ಲ," ಎಂದಿದ್ದನು ಲಿಯೋನ್ಸ್. "ನಾನು ಹೋದ ಮೇಲೆ ಇದನ್ನ ನೋಡಿ, ಇಲ್ಲಿ ಯಾವನೋ ಒಬ್ಬ ಇದ್ದ ಅಂತ ಯಾರಾದ್ರೂ ಅಂದ್ರೆ ಸಾಕು."

ಓಗಿಸ್ತ್ ಆಮೇಲೆ ತಮಾಷೆ ಮಾಡಲಿಲ್ಲ. ಬೀಜದ ಸೀಳನ್ನು ತೋಟದ ಬಯಲಿನತ್ತ ತಿರುಗಿಸಿ ಅರ್ಧ ಹೂತಿಟ್ಟರು. ಕಡಲತೆಂಗು ಬೀಜದ ಮಗ್ಗುಲಲ್ಲೇ ಚಿಗುರುವುದಿಲ್ಲ. ಸೀಳಿನಿಂದ ದಪ್ಪನೆಯ ಹಗ್ಗದಂತಹ ಮೊಳಕೆಯೊಂದು ಹೊರಟು, ನೆಲದೊಳಗೆ ಹತ್ತು ಹನ್ನೆರಡು ಅಡಿ ತೆವಳಿ, ತನಗೆ ಸರಿಕಂಡ ಜಾಗದಲ್ಲಿ ಗರಿಯನ್ನು ಎತ್ತುತ್ತದೆ. ಅದಕ್ಕಾಗಿ ಲಿಯೋನ್ಸ್ ಬಯಲನ್ನು ಹಸನು ಮಾಡಿ, ಕಲ್ಲು ಆರಿಸಿ, ಸುತ್ತ ಬಿದಿರಿನ ಬೇಲಿ ಹಾಕಿದ್ದನು. ಆ ಬೇಲಿಯೊಳಗೆ ಹುಲ್ಲು ಬಿಟ್ಟು ಬೇರೇನೂ ಹುಟ್ಟಿರಲಿಲ್ಲ.

ಜುಲೈ ತಿಂಗಳ ಒಂದು ಬೆಳಿಗ್ಗೆ, ಆಗ್ನೇಯದ ಒಣಗಾಳಿ ಬೀಸುತ್ತಿದ್ದಾಗ, ಬೀಜ ಸತ್ತಿದ್ದರೆ ಸತ್ತಿದೆಯೆಂದಾದರೂ ತಿಳಿಯಲಿ ಎಂದುಕೊಂಡು ಅವನು ಅದರ ಮುಂದೆ ಮಂಡಿಯೂರಿದನು. ಗುದ್ದಲಿಯನ್ನು ತರಲಿಲ್ಲ, ಒಂದು ಹಳೆಯ ಚಮಚವನ್ನೂ ತನ್ನ ಬೆರಳುಗಳನ್ನೂ ನಂಬಿದನು. ಒಂದು ಗೇಣು ಕೆಳಗೆ ಮೊಳಕೆ ಸಿಕ್ಕಿತು. ಹೆಬ್ಬೆರಳಿಗಿಂತ ದಪ್ಪ, ಬಿಳಿ, ಗಟ್ಟಿ, ತಂಪು. ಅದು ಬದುಕಿತ್ತು! ಅವನ ಕಣ್ಣುಗಳು ಒದ್ದೆಯಾದವು. ಒರೆಸಿಕೊಳ್ಳಲು ಹೋಗಿ ಮುಖವೆಲ್ಲ ಕೆಂಪು ಮಣ್ಣಾಯಿತು.

ಅದು ಹೋದ ದಾರಿಯನ್ನೇ ಹಿಡಿದು ಅವನು ಅಗೆಯುತ್ತ ಸಾಗಿದನು. ನಾಲ್ಕು ಅಡಿ ಅದು ನೇರವಾಗಿ ಬಯಲಿನತ್ತಲೇ ಹೋಗಿತ್ತು. ಅಲ್ಲಿ ಮಣ್ಣಿನಡಿ ಒಂದು ಬಂಡೆ ಅಡ್ಡವಾಗಿತ್ತು. ಅವನು ಆರಿಸಿ ಎಸೆದದ್ದು ಮೇಲಿನ ಕಲ್ಲುಗಳನ್ನು ಮಾತ್ರ. ಇದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಮೊಳಕೆ ಬಂಡೆಯನ್ನು ಸವರಿಕೊಂಡು ಎಡಕ್ಕೆ ತಿರುಗಿತ್ತು. ಇನ್ನೂ ಐದು ಅಡಿ ಹೋಗಿತ್ತು. ಅಲ್ಲಿ ಅವನ ಬೆರಳುಗಳು ಗೋಡೆಗೆ ತಾಗಿದವು.

ಅವನು ಹಾಗೆಯೇ ಕುಳಿತುಬಿಟ್ಟನು. ಮೊಳಕೆ ಗೋಡೆಯ ಕೆಳಗೆ ನುಸುಳಿ ಅತ್ತಿಗೆಯ ಹಿತ್ತಲಿಗೆ ಹೋಗಿತ್ತು.

ಆ ಗೋಡೆಯನ್ನು ಎಂಟು ವರ್ಷಗಳ ಹಿಂದೆ ಕಟ್ಟಿದವನು ಅವನೇ. ಗಡಿಗೆ ತಾಗಿ ಆಚೆ ಆಗ ಒಂದು ದೀವಿಹಲಸಿನ ಮರವಿತ್ತು. ಮದುವೆಯಾದ ವರ್ಷ ರೆನೆ ನೆಟ್ಟದ್ದು. ಅದರ ಕೊಂಬೆಗಳು ಲಿಯೋನ್ಸನ ಎಳೆ ತಾಳೆಗಳಿಗೆ ಬಿಸಿಲು ಬೀಳಗೊಡುತ್ತಿರಲಿಲ್ಲ; ಬೇರುಗಳು ಪಾತಿಗಳಿಗೆ ನುಗ್ಗಿದ್ದವು. ಎಲ್ವಿನಾ ಒಂದು ವಾರ ಮಾಹೆ ದ್ವೀಪಕ್ಕೆ ಹೋಗಿದ್ದಾಗ ಅವನು ತನ್ನ ಕಡೆಗೆ ಚಾಚಿದ ಕೊಂಬೆಗಳನ್ನೂ ಬೇರುಗಳನ್ನೂ ಗಡಿಗೆ ಸರಿಯಾಗಿ ಕಡಿದು ಹಾಕಿದನು. ಮರಳಿ ಬಂದ ಅವಳು, "ಅದು ನಿನ್ನ ಅಣ್ಣ ನೆಟ್ಟಿದ್ದು ಕಣೋ," ಎಂದಾಗ, "ಗಡಿ ದಾಟಿ ಬಂದದ್ದು ನನ್ನದು, ಕಡಿಯೋ ಹಕ್ಕು ನನಗಿದೆ," ಎಂದು ಉತ್ತರಿಸಿದ್ದನು. ಮರ ಆ ವರ್ಷವೇ ಒಣಗಿತು. ಒಣಗಿದ ಮರದ ಬುಡವಾದರೂ ಕಣ್ಣಿಗೆ ಬೀಳದಿರಲಿ ಎಂದು ಅವನು ಒಂಬತ್ತು ದಿನಗಳಲ್ಲಿ ಆಳೆತ್ತರದ ಗೋಡೆಯನ್ನು ಎಬ್ಬಿಸಿದನು. ಆ ಆತುರದಲ್ಲಿ ಅಡಿಪಾಯವನ್ನು ಒಂದು ಗೇಣಿಗಿಂತ ಆಳಕ್ಕೆ ತೋಡಿರಲಿಲ್ಲ. ಅಂದಿನಿಂದ ಅತ್ತಿಗೆ ಮೈದುನರ ನಡುವೆ ಮಾತಿರಲಿಲ್ಲ.

ಗೋಡೆಯಾಚೆ ಗುದ್ದಲಿಯ ಸದ್ದು ಕೇಳಿಸಿತು. ಗಸ್ ಎಂದು ನೆಲಕ್ಕೆ ಇಳಿಯುವ ಸದ್ದು, ಬಿಡುವು, ಮತ್ತೆ ಗಸ್. ಎಲ್ವಿನಾ ಹಿತ್ತಲನ್ನು ಅಗೆಯುತ್ತಿದ್ದಳು. ಸದ್ದು ಗೋಡೆಯತ್ತಲೇ ಬರುತ್ತಿತ್ತು.

ಮೊಳಕೆಯನ್ನು ಕತ್ತರಿಸುವಂತಿಲ್ಲ, ಕಿತ್ತು ಬೇರೆಡೆ ನೆಡುವಂತಿಲ್ಲ. ಗರಿ ಬಂದ ಮೇಲೂ ಎರಡು ವರ್ಷ ಗಿಡ ಬೀಜದ ತಿರುಳನ್ನೇ ಉಂಡು ಬದುಕುತ್ತದೆ ಎಂದು ಓಗಿಸ್ತ್ ನೂರು ಸಲ ಹೇಳಿದ್ದನು. ಇನ್ನು ಉಳಿದದ್ದು ಕೇಳುವುದೊಂದೇ. ಲಿಯೋನ್ಸ್ ಕೈಯನ್ನೂ ತೊಳೆಯದೆ ರಸ್ತೆಗೆ ಇಳಿದು, ಎಂಟು ವರ್ಷ ಮುಟ್ಟದಿದ್ದ ಗೇಟನ್ನು ತಳ್ಳಿದನು.

"ಒಳಗೆ ಬರಬಹುದಾ, ಅತ್ತಿಗೆ?"

"ಬಂದಾಯ್ತಲ್ಲ," ಎಂದಳು ಎಲ್ವಿನಾ ತಲೆಯೆತ್ತದೆ. ಅವಳ ಕೂದಲು ಪೂರ್ತಿ ಬಿಳಿಯಾಗಿತ್ತು. ಅವನಿಗೆ ಅದು ಗೊತ್ತಿರಲಿಲ್ಲ.

ಮರಗೆಣಸು ನೆಡಲು ಅವಳು ಹಿತ್ತಲನ್ನೆಲ್ಲ ಅಗೆದಿದ್ದಳು. ಗೋಡೆಯಿಂದ ಎರಡು ಮೊಳ ಈಚೆ, ಒಂದು ಚಾಪೆಯಷ್ಟು ಜಾಗವನ್ನು ಮಾತ್ರ ಮುಟ್ಟಿರಲಿಲ್ಲ. ಅದರ ನಡುವೆ ಮೊಣಕಾಲೆತ್ತರದ ಹಸಿರು ಮೊನೆ, ಮಡಿಸಿಟ್ಟ ಬೀಸಣಿಗೆಯಂತೆ ಮುಚ್ಚಿಕೊಂಡೇ ನಿಂತಿತ್ತು. ಲಿಯೋನ್ಸನಿಗೆ ಅದರಿಂದ ಕಣ್ಣು ಕೀಳಲಾಗಲಿಲ್ಲ.

"ಅದು ತಲೆ ಎತ್ತಿ ಮೂರು ತಿಂಗಳಾಯ್ತು," ಎಂದಳು ಅವಳು. "ಇವತ್ತು ಬರ್ತಾನೆ, ನಾಳೆ ಬರ್ತಾನೆ ಅಂತ ನೋಡ್ತಾನೇ ಇದ್ದೆ."

"ನನಗೆ ಗೊತ್ತಾಗಿದ್ದೇ ಇವತ್ತು."

"ನೆಟ್ಟ ಬೀಜ ಎಲ್ಲಿಗೆ ಹೋಯ್ತು ಅಂತ ಗೊತ್ತಾಗೋಕೆ ಇಷ್ಟು ದಿನ ಬೇಕಾಯ್ತಾ? ಸಮುದ್ರದಲ್ಲಿ ಮೀನು ಹ್ಯಾಗಪ್ಪಾ ಹಿಡೀತಿದ್ದೆ ನೀನು?"

ಅವನು ನಗಲು ಹೋದನು. ಅವಳು ನಗುತ್ತಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಗುದ್ದಲಿಯನ್ನು ಅವನತ್ತ ಚಾಚಿದಳು.

"ತಗೋ."

"ಯಾಕೆ ಅತ್ತಿಗೆ?"

"ಗಡಿ ದಾಟಿ ಬಂದದ್ದು ನನ್ನದು. ಕಡಿಯೋ ಹಕ್ಕು ನನಗಿದೆ. ಆದ್ರೆ ನನಗೆ ಕಡಿದು ಅಭ್ಯಾಸ ಇಲ್ಲ. ನಿನಗಿದೆ."

ಗುದ್ದಲಿಯ ಹಿಡಿ ಅವಳ ಕೈಯ ಬಿಸಿಯಿಂದ ಬೆಚ್ಚಗಿತ್ತು. ಅದನ್ನು ಹಿಡಿದುಕೊಂಡು, ತಾನು ಯಾರ ಮನೆಯ ಹಿತ್ತಲಲ್ಲಿ ಯಾವ ಕೆಲಸಕ್ಕೆ ಬಂದವನೆಂಬುದನ್ನೂ ಮರೆತವನಂತೆ ಅವನು ನಿಂತಿದ್ದನು. ಆಮೇಲೆ ಅಂದನು:

"ಅವತ್ತು ನಿಮ್ಮನ್ನ ಕೇಳಬೇಕಿತ್ತು."

"ಏನಂತ?"

"ಮರ ಕಡೀಲಾ ಅಂತ."

"ಕೇಳಿದ್ರೆ ಬೇಡ ಅಂತಿದ್ದೆ."

"ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ."

ಎಲ್ವಿನಾ ಅವನ ಮುಖವನ್ನು ಮೊದಲ ಸಲ ನೇರವಾಗಿ ನೋಡಿದಳು. ಮಣ್ಣು ಮೆತ್ತಿದ ಆ ಮುಖದಲ್ಲಿ ಏನನ್ನು ಕಂಡಳೋ, ಕೈ ಚಾಚಿ ಗುದ್ದಲಿಯನ್ನು ಮರಳಿ ತೆಗೆದುಕೊಂಡಳು.

"ಇವತ್ತು ಕೇಳ್ತಿದೀನಿ," ಎಂದನು ಅವನು. "ಇದನ್ನ ಇರೋಕೆ ಬಿಡಿ, ಅತ್ತಿಗೆ. ನನಗೆ ಬೇರೆ ಏನೂ ಇಲ್ಲ."

"ಇರಲಿ. ನಿನಗೋಸ್ಕರ ಅಲ್ಲ. ಅದೇನು ತಪ್ಪು ಮಾಡಿದೆ?"

ಅವನ ಬಾಯಿಂದ ಮಾತು ತಾನಾಗಿ ಹೊರಟಿತು. "ಈ ಗೋಡೆನ ಒಡೆದು ಹಾಕ್ತೀನಿ. ನಾಳೇನೇ. ಓಗಿಸ್ತನ್ನ ಕರ್ಕೊಂಡು ಬಂದು ಒಂದೇ ದಿನದಲ್ಲಿ..."

"ಒಡೆದ್ರೆ ಕಲ್ಲು ಎಲ್ಲಿ ಬೀಳುತ್ತೆ?"

ಲಿಯೋನ್ಸ್ ಗೋಡೆಯನ್ನು ನೋಡಿದನು. ಅದನ್ನು ಕಟ್ಟಿದವನಿಗೆ ಉತ್ತರ ಹುಡುಕಬೇಕಾಗಿರಲಿಲ್ಲ. ಕಲ್ಲಿನ ಮೇಲೆ ಕಲ್ಲು ಸಡಿಲವಾಗಿ ಕುಳಿತ ಗೋಡೆ. ಒಂದನ್ನು ಎಳೆದರೆ ಉಳಿದವು ಕುಸಿದು, ಕೆಳಗಿನ ಒಂದು ಗೇಣು ಮಣ್ಣಿನೊಂದಿಗೆ ಮೊಳಕೆಯನ್ನೂ ಜಜ್ಜಿಬಿಡುತ್ತವೆ.

"ಬೀಜ ಬತ್ತೋ ತನಕ ಮುಟ್ಟೋ ಹಾಗಿಲ್ಲ," ಎಂದನು ಮೆಲ್ಲಗೆ. "ಎರಡು ವರ್ಷ."

"ಆಮೇಲೆ?"

"ಆಮೇಲೆ ಬೇರು ಹರಡಿರುತ್ತೆ. ಗೋಡೆ ಬುಡಕ್ಕೂ ಬಂದಿರುತ್ತೆ."

"ಹಾಗಾದ್ರೆ ಗೋಡೆನೂ ಇರಲಿ."

"ನಾನು ದಿನಾ ಬಂದು ನೋಡಿಕೊಂಡು ಹೋಗ್ಲಾ?"

"ದಿನಾ ಬೇಡ."

"ಭಾನುವಾರ?"

ಅವಳು ತನ್ನ ಮನೆಯತ್ತ ನೋಡಿದಳು. ಜಗಲಿಯ ಮೇಲೆ ಒಂದೇ ಕುರ್ಚಿ ಇತ್ತು. "ನನಗೆ ಜನರ ಅಭ್ಯಾಸ ತಪ್ಪಿಹೋಗಿದೆ, ಲಿಯೋನ್ಸ್. ಯಾರಾದ್ರೂ ಬಂದ್ರೆ ಎಲ್ಲಿ ಕೂರಿಸ್ಬೇಕು, ಏನು ಮಾತಾಡ್ಬೇಕು, ಒಂದೂ ಹೊಳೆಯಲ್ಲ. ಅದು ಗೋಡೆ ಮೇಲೆ ಬಂದಾಗ ನಿನಗೇ ಕಾಣುತ್ತೆ ಬಿಡು."

"ಅದಕ್ಕೆ ಏಳೆಂಟು ವರ್ಷ ಬೇಕು."

"ನೀನು ಎಂಟು ವರ್ಷ ಬರಲಿಲ್ಲ. ನಾನೇನು ಸತ್ತುಹೋದ್ನಾ?"

ಅವಳು ಮತ್ತೆ ಅಗೆಯತೊಡಗಿದಳು. ಲಿಯೋನ್ಸ್ ಇನ್ನೊಂದು ಸಲ ಆ ಹಸಿರು ಮೊನೆಯನ್ನು, ಅದರ ಒಂದೊಂದು ಮಡಿಕೆಯನ್ನೂ ಬಾಯಿಪಾಠ ಮಾಡಿಕೊಳ್ಳುವವನಂತೆ ನೋಡಿ, ಗೇಟನ್ನು ಸದ್ದಾಗದಂತೆ ಮುಚ್ಚಿಕೊಂಡು ಬಂದನು.

ಮನೆಗೆ ಮರಳಿ ಅಗೆದ ಕಾಲುವೆಯನ್ನು ಬೊಗಸೆ ಬೊಗಸೆಯಾಗಿ ಮಣ್ಣು ಹಾಕಿ ಮುಚ್ಚಿದನು. ಬಯಲಿನ ಬಿದಿರಿನ ಬೇಲಿಯನ್ನು ಕಿತ್ತು ತಂದು, ಬೀಜದಿಂದ ಗೋಡೆಯವರೆಗೆ ಮೊಳಕೆಯ ಉದ್ದಕ್ಕೂ ನೆಟ್ಟನು. ಭಾನುವಾರ ಬಂದ ಓಗಿಸ್ತ್ ಎಲ್ಲವನ್ನೂ ಕೇಳಿ, "ಊಟ ಹಾಕೋದು ನೀನು, ಮಗು ಆಡೋದು ಅವರ ಮನೆಯಲ್ಲಿ," ಎಂದು ನಕ್ಕನು. ಲಿಯೋನ್ಸ್ ನಗದಿದ್ದುದನ್ನು ಕಂಡು, ಗ್ಲಾಸು ಖಾಲಿ ಮಾಡಿ, ಎಂದಿಗಿಂತ ಬೇಗನೆ ಎದ್ದು ಹೋದನು.

ಆ ಸಂಜೆ, ಬಿಸಿಲು ತಾಳೆಗಳ ತುದಿಗೆ ಏರಿದಾಗ, ಲಿಯೋನ್ಸ್ ಬೀಜದ ಸುತ್ತ ನೀರು ಹನಿಸುತ್ತಿದ್ದನು. ಒಂದು ಬಕೆಟ್ ಮುಗಿಸಿ ಎರಡನೆಯದನ್ನು ಎತ್ತಿದಾಗ ಗೋಡೆಯಾಚೆಯಿಂದ ಧ್ವನಿ ಬಂತು.

"ಸಾಕು ಮಾರಾಯ. ಆ ಕಡೆ ಕೊಳೆತ್ರೆ ಈ ಕಡೆ ಸಾಯುತ್ತೆ."

ಅವನು ಬಕೆಟ್ಟನ್ನು ಅಲ್ಲಿಯೇ ಇಳಿಸಿದನು. "ಆಯ್ತು, ಅತ್ತಿಗೆ." ಗೋಡೆಗೆ ಹತ್ತಿರ ಹೋಗಿ ಕೇಳಿದನು: "ಗರಿ ಬಿಚ್ಚಿಕೊಂಡಿತಾ?"

ಆಚೆ ಚಪ್ಪಲಿಯ ಸದ್ದು ನಾಲ್ಕು ಹೆಜ್ಜೆ ದೂರವಾಯಿತು, ನಿಂತಿತು.

"ಇನ್ನೂ ಇಲ್ಲ," ಎಂದಳು ಎಲ್ವಿನಾ.

ಬಾಗಿಲು ಮುಚ್ಚಿಕೊಂಡ ಸದ್ದಾಯಿತು. ಇನ್ನೇನಾದರೂ ಹೇಳಬಹುದೇನೋ ಎಂದು ಅವನು ಗೋಡೆಗೆ ಬೆನ್ನು ಕೊಟ್ಟು ಅಲ್ಲಿಯೇ ಕುಳಿತನು. ಕಲ್ಲುಗಳು ಹಗಲಿನ ಬಿಸಿಯನ್ನು ಇನ್ನೂ ಬಿಟ್ಟಿರಲಿಲ್ಲ.