ಅಂಗಳದಿಂದ ಕಂಡ ಅಕ್ಷರ

“ಏ ಮುಂಡೇದೆ, ಜಗುಲಿಗೆ ಕೈ ಊರಬ್ಯಾಡ ಅಂತ ಎಷ್ಟು ಸಲ ಬೊಗಳ್ಬೇಕು ನಿಂಗೆ?”

ಮೇಷ್ಟ್ರು ರಾಮಚಂದ್ರಪ್ಪ ಬೈದದ್ದು ನನ್ನ ಮಗಳು ಕೊಂಡಮ್ಮನನ್ನು. ಏಳು ವರ್ಷದ ಕೂಸು. ಊರಿನ ಮಕ್ಕಳು ಶಾಲೆಯ ಜಗುಲಿಯ ಮೇಲೆ ಮೇಷ್ಟ್ರ ಪಕ್ಕ ಕೂತು ಪುಸ್ತಕ ನೋಡುತ್ತಿದ್ದರು; ಕೇರಿಯವಳಾದ ಇವಳು ಅವರಿಗೆ ಎದುರಾಗಿ, ಕೆಳಗೆ ಅಂಗಳದ ಮಣ್ಣಿನಲ್ಲಿ ಕೂತು ಕತ್ತು ಚಾಚುತ್ತಿದ್ದಳು. ಎರಡು ವರ್ಷದಿಂದ ಇದೇ ಪಾಡು. ಆ ಅಂಗಳ ಗುಡಿಸುವವಳು ನಾನು.

ಯುದ್ಧ ಮುಗಿದ ವರ್ಷ ಅದು. ಅವತ್ತು ಹೊಸೂರಿನಿಂದ ಇನ್‌ಸ್ಪೆಕ್ಟರು ಬರುವವರಿದ್ದರು. ನಮ್ಮ ಕೊಂಡಿ ಅವರೆದುರು ಓದದಿದ್ದರೆ ಶಾಲೆಯಿಂದ ಹೆಸರು ಹೊಡೆಸಿ, ನಾಳೆಯಿಂದಲೇ ತನ್ನ ಕೊಟ್ಟಿಗೆಯಲ್ಲಿ ಸಗಣಿ ಬಾಚಲು ಹಾಕಿಕೊಳ್ಳುತ್ತೇನೆಂದು ಪಟೇಲ ತಿಮ್ಮರಾಯಪ್ಪ ಹೇಳಿಬಿಟ್ಟಿದ್ದ. ನಾನು ಬೆಳಗಿನಿಂದ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದೆ.

ಇನ್‌ಸ್ಪೆಕ್ಟರು ಮೊದಲು ಪಟೇಲನ ಮಗನಿಗೆ ಪುಸ್ತಕ ಕೊಟ್ಟರು. ಅವನು ಹಸುವಿನ ಪಾಠವನ್ನು ಗಡಗಡ ಒಪ್ಪಿಸಿದ. ತೆರೆದಿದ್ದ ಪುಟದಲ್ಲಿದ್ದದ್ದು ರೈಲಿನ ಪಾಠ. ಮೇಷ್ಟ್ರು ಸುಮ್ಮನೆ ಕೆಮ್ಮಿದರು.

ಆಮೇಲೆ ಅದೇ ಪುಟ ಇವಳ ಕೈಗೆ ಬಂತು. ಇವಳು ಕತ್ತು ಆಚೆ ಈಚೆ ಓರೆ ಮಾಡಿ ಪುಟವನ್ನು ನೋಡತೊಡಗಿದಳು. ಈ ಜಾತಿಗೆ ಅಕ್ಷರ ಹತ್ತುವುದಿಲ್ಲ ಎಂದು ಮೇಷ್ಟ್ರು ಹಲ್ಲು ಕಿರಿದರು. ಅಷ್ಟರಲ್ಲಿ ಈ ಪೋರಿ ಪುಸ್ತಕವನ್ನು ತಲೆಕೆಳಗು ಮಾಡಿ, ಬಲದಿಂದ ಎಡಕ್ಕೆ ಬೆರಳೆಳೆಯುತ್ತ, ಕೆಳಗಿನ ಸಾಲಿನಿಂದ ಮೇಲಕ್ಕೆ ಹತ್ತುತ್ತ, ಇನ್ನೂ ಪಾಠವೇ ಆಗದ ಆ ರೈಲನ್ನು ಒಂದಕ್ಷರ ತಪ್ಪದೆ ಓದಿಬಿಟ್ಟಳು.

ಇನ್‌ಸ್ಪೆಕ್ಟರು ಕಕ್ಕಾಬಿಕ್ಕಿಯಾಗಿ, ಇದೇನಮ್ಮ ಹೀಗೆ ಎಂದರು.

“ನಾನ್ ಕೂರೋ ತಾವಿಂದ ಹಿಂಗೇ ಕಾಣ್ತದೆ ಸ್ವಾಮಿ.”

ನಾಳೆಯಿಂದ ಹುಡುಗಿಗೆ ಪುಸ್ತಕ ನೆಟ್ಟಗೆ ಕಾಣಬೇಕು ಎಂದು ಹುಕುಂ ಮಾಡಿ ಅವರು ಸೈಕಲ್ ಹತ್ತಿದರು.

ಮೇಷ್ಟ್ರು ಹುಕುಂ ಮೀರುವವರೇ? ಮರುದಿನ ಇವಳು ಮುಟ್ಟಿದ ಪುಸ್ತಕಕ್ಕೆ ಮೈಲಿಗೆ ಕಳೆಯಲು ನೀರು ಚಿಮುಕಿಸಿ, ಅಂಗಳದ ಕಡೆಗೆ ತಿರುಗಿಸಿ ಇಟ್ಟರು. ಈಗ ಜಗುಲಿಯ ಮಕ್ಕಳಿಗೆ ಎಲ್ಲವೂ ತಲೆಕೆಳಗು. ಇವಳಿಗೋ, ನೆಟ್ಟಗಿದ್ದರೆ ಓದಲು ಬರದು. ಶಾಲೆಯಲ್ಲಿ ಓದುವವರೇ ಇಲ್ಲವಾಯಿತು.

ಕೊಂಡಿ ಎದ್ದಳು, ಲಂಗ ಕೊಡವಿದಳು, ಮೆಟ್ಟಿಲು ಹತ್ತಿ ಮೇಷ್ಟ್ರ ಪಕ್ಕದಲ್ಲೇ ಕೂತಳು. ಅಲ್ಲಿಂದ ಅವಳಿಗೆ ಸರಿಯಾಗಿ ಕಾಣುತ್ತಿತ್ತು. ಮೇಷ್ಟ್ರು, ಮಕ್ಕಳು ಎಲ್ಲರೂ ಮೈಲಿಗೆಗೆ ಹೆದರಿ ದಬದಬ ಅಂಗಳಕ್ಕೆ ಹಾರಿದರು. ಇವಳು ಓದತೊಡಗಿದಳು.

ಪಟೇಲ ದೊಣ್ಣೆ ಹಿಡಿದು ಬಂದು ನನ್ನನ್ನು ಗದರಿದ. “ಏ ಪಿಳ್ಳಿ, ನಿನ್ ಮಗಳ್ನ ಇಳಿಸ್ತೀಯೋ, ಇಬ್ಬರ ಚರ್ಮಾನೂ ಸುಲೀಲೋ?”

“ಪಾಠ ಮುಗೀಲಿ ಬುದ್ಧಿ, ಇಳೀತಾಳೆ,” ಎಂದೆ.

ಹೋಗಿ ಮೆಟ್ಟಿಲಿಗೆ ಅಡ್ಡ ಕೂತೆ. ನನ್ನನ್ನು ಮುಟ್ಟದೆ ಮೇಲೆ ಹತ್ತಲು ಅವನಿಗೆ ದಾರಿಯಿರಲಿಲ್ಲ.